ಮೀನಿಗೆಂದ ನೊಣ, ಮರದ ಪಾಲು

ಅಮೆರಿಕದ ಭೂಪಟವನ್ನು ಎದುರಿಗೆ ಹರಡಿಕೊಂಡರೆ ಆಗ್ನೇಯ ಮೂಲೆಯಲ್ಲಿ ಹೆಬ್ಬೆರಳಿನಂತೆ ಕೆಳಕ್ಕೆ ಚಾಚಿರುವ ರಾಜ್ಯ ಫ್ಲಾರಿಡಾ. ಆ ಹೆಬ್ಬೆರಳಿನ ಉಗುರು ಇರುವ ಜಾಗವನ್ನು ನೆಲವೆನ್ನಬೇಕೋ ನೀರೆನ್ನಬೇಕೋ ಎಂದು ನಕ್ಷೆ ಬರೆಯುವವರಿಗೇ ಗೊಂದಲ. ಹಸಿರು ಬಣ್ಣದ ನಡುವೆ ನೀಲಿ ಚುಕ್ಕೆ, ನೀಲಿಯ ನಡುವೆ ಹಸಿರು ಚುಕ್ಕೆ. ಒಂದು ದೊಡ್ಡ ಉಬ್ಬರ ಬಂದರೆ ಹಸಿರು ನೀಲಿಯಾಗುತ್ತದೆ, ಇಳಿತದಲ್ಲಿ ನೀಲಿ ಕೆಸರಾಗುತ್ತದೆ. ಇದೇ ಎವರ್‌ಗ್ಲೇಡ್ಸ್.

ಉತ್ತರದ ಓಕಿಚೋಬಿ ಸರೋವರದಿಂದ ದಕ್ಷಿಣದ ಫ್ಲಾರಿಡಾ ಕೊಲ್ಲಿಯವರೆಗೆ ಇಲ್ಲಿ ನೀರು ಹರಿಯುತ್ತದೆ. ಆದರೆ ಅದು ಹರಿಯುವುದು ಕಣ್ಣಿಗೆ ಕಾಣುವುದಿಲ್ಲ. ನೆಲದ ಇಳಿಜಾರು ಕಿಲೋಮೀಟರಿಗೆ ಸುಮಾರು ಮೂರು ಸೆಂಟಿಮೀಟರು ಮಾತ್ರ. ಮಾರ್ಜರಿ ಸ್ಟೋನ್‌ಮನ್ ಡಗ್ಲಾಸ್ ಎಂಬ ಲೇಖಕಿ ೧೯೪೭ರಲ್ಲಿ ಬರೆದ ತಮ್ಮ ಪುಸ್ತಕದಲ್ಲಿ ಇದನ್ನು 'ಹುಲ್ಲಿನ ನದಿ' ಎಂದು ಕರೆದರು. ಜೌಗು ಎಂದು ಮೂಗು ಮುರಿಯುತ್ತಿದ್ದವರೂ ಆಮೇಲೆ ಇದನ್ನು ನದಿ ಎಂದೇ ಕರೆಯತೊಡಗಿದರು. ಅದೇ ವರ್ಷ ಡಿಸೆಂಬರ್ ೬ರಂದು ಅಧ್ಯಕ್ಷ ಟ್ರೂಮನ್ ಇಲ್ಲಿನ ರಾಷ್ಟ್ರೀಯ ಉದ್ಯಾನವನ್ನು ಉದ್ಘಾಟಿಸಿದರು. ೧೯೭೯ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊಸಳೆ ಮತ್ತು ಆಲಿಗೇಟರ್ ಎರಡೂ ಕಾಡಿನಲ್ಲಿ ಒಟ್ಟಿಗೆ ಬಾಳುವುದನ್ನು ಜಗತ್ತಿನಲ್ಲಿ ನೋಡಸಿಗುವುದು ದಕ್ಷಿಣ ಫ್ಲಾರಿಡಾದಲ್ಲಿ ಮಾತ್ರ.

ಇಲ್ಲಿಗೆ ಬರುವವರಲ್ಲಿ ಹಕ್ಕಿ ನೋಡುವವರಿದ್ದಾರೆ, ಮೊಸಳೆಯ ಚಿತ್ರ ತೆಗೆಯುವವರಿದ್ದಾರೆ. ಇವರೆಲ್ಲರಿಗಿಂತ ಸದ್ದಿಲ್ಲದೆ ಬಂದು ಹೋಗುವ ಇನ್ನೊಂದು ಪಂಗಡವಿದೆ. ಒಬ್ಬನೇ ಕೂರಬಹುದಾದ ಕಯಾಕ್ ದೋಣಿ, ಒಂಬತ್ತು ಅಡಿಯ ಬಳುಕುವ ಕೋಲು, ಜೇಬಿನ ಪುಟ್ಟ ಡಬ್ಬಿಯಲ್ಲಿ ಗರಿ ಮತ್ತು ರೋಮದಿಂದ ಕಟ್ಟಿದ ಹತ್ತಿಪ್ಪತ್ತು ಕೃತಕ ನೊಣಗಳು, ಇಷ್ಟೇ ಇವರ ಸರಂಜಾಮು. ಸಂಜೆ ಮರಳುವಾಗ ಡಬ್ಬಿಯಲ್ಲಿ ಅರ್ಧದಷ್ಟೇ ನೊಣಗಳು ಉಳಿದಿರುತ್ತವೆ. ಉಳಿದರ್ಧ ಮೀನಿನ ಬಾಯಿಗೆ ಹೋಯಿತೆಂದು ತಿಳಿದರೆ ತಪ್ಪು. ಅವೆಲ್ಲ ಮರದ ಕೊಂಬೆಗಳಲ್ಲಿ ನೇತಾಡುತ್ತಿರುತ್ತವೆ!

ನರಕದ ಕೊಲ್ಲಿಯ ದಾರಿ

ಹೋಮ್‌ಸ್ಟೆಡ್ ಪಟ್ಟಣದ ಬಳಿ ಉದ್ಯಾನದ ಹೆಬ್ಬಾಗಿಲು. ಅಲ್ಲಿಂದ ಒಂದೇ ರಸ್ತೆ, ಸುಮಾರು ೬೧ ಕಿಲೋಮೀಟರು ಸಾಗಿ ಫ್ಲೆಮಿಂಗೊ ಎಂಬಲ್ಲಿ ಸಮುದ್ರ ತಲುಪಿ ಮುಗಿಯುತ್ತದೆ. ಮೊದಲು ಗರಗಸದಂಥ ಅಂಚಿನ ಹುಲ್ಲಿನ ಬಯಲು, ನಡುವೆ ಪೈನ್ ಮರಗಳ ತೋಪು, ಕೊನೆಗೆ ಮ್ಯಾಂಗ್ರೋವ್ ಕಾಡು. ಫ್ಲೆಮಿಂಗೊ ಇನ್ನೂ ಹದಿನೈದು ಕಿಲೋಮೀಟರು ಇರುವಾಗ ರಸ್ತೆಯ ಪಕ್ಕದಲ್ಲೇ ಒಂದು ಸಣ್ಣ ಕಟ್ಟೆ ಸಿಗುತ್ತದೆ. 'ಹೆಲ್ಸ್ ಬೇ' ದೋಣಿ ದಾರಿ ಹೊರಡುವುದು ಅಲ್ಲಿಂದ. 'ಒಳಹೋಗುವುದೂ ನರಕ, ಹೊರಬರುವುದೂ ನರಕ' ಎಂದು ಹಿಂದಿನವರು ಹೇಳುತ್ತಿದ್ದರಂತೆ. ಹೆಸರು ಹಾಗೆಯೇ ನಿಂತಿದೆ.

ದಾರಿ ತಪ್ಪದಿರಲೆಂದು ಉದ್ಯಾನದವರು ನೀರಿನಲ್ಲಿ ೧೬೦ಕ್ಕೂ ಹೆಚ್ಚು ಗುರುತಿನ ಕಂಬಗಳನ್ನು ನೆಟ್ಟಿದ್ದಾರೆ. ಒಂದು ಕಂಬ ಕಂಡ ಮೇಲೆ ಮುಂದಿನದನ್ನು ಹುಡುಕಬೇಕು. ಅಷ್ಟರಲ್ಲಿ ಕಾಲುವೆ ಮೂರು ಸಲ ತಿರುಗಿರುತ್ತದೆ. ಕೆಲವು ಕಡೆ ದೋಣಿಯ ಎರಡು ಬದಿಗೂ ಕೈ ಚಾಚಿದರೆ ಎಲೆ ಸಿಗುತ್ತದೆ, ತಲೆಯ ಮೇಲೆ ಕೊಂಬೆಗಳು ಹೆಣೆದುಕೊಂಡು ಸುರಂಗವಾಗುತ್ತವೆ. ಅಲ್ಲಿ ಹುಟ್ಟು ಹಾಕುವುದಕ್ಕೂ ಜಾಗವಿಲ್ಲ. ಬೇರು ಹಿಡಿದು ದೋಣಿಯನ್ನು ಎಳೆದುಕೊಂಡೇ ಹೋಗಬೇಕು. ಸುರಂಗ ಮುಗಿದೊಡನೆ ಕೆರೆಯಂಥ ವಿಶಾಲ ನೀರು, ಅದರ ಸುತ್ತ ಮತ್ತೆ ಮರಗಳ ಗೋಡೆ. ರಾತ್ರಿ ತಂಗಲು ಒಣನೆಲವೇ ಇಲ್ಲದ ಕಾರಣ ನೀರಿನ ಮೇಲೆ ಕಂಬ ಊರಿ ಕಟ್ಟಿದ ಅಟ್ಟಗಳಿವೆ. ಈ ಸೀಮೆಯ ಸೆಮಿನೋಲ್ ಜನರ ಗುಡಿಸಲಿನ ಹೆಸರನ್ನೇ ಇವುಗಳಿಗೆ ಕೊಟ್ಟು 'ಚಿಕೀ' ಎನ್ನುತ್ತಾರೆ.

ಕುಂದಾಪುರ, ಹೊನ್ನಾವರದ ಅಳಿವೆಗಳಲ್ಲಿ ಕಾಂಡ್ಲಾ ಗಿಡಗಳನ್ನು ಕಂಡವರಿಗೆ ಈ ಮರಗಳು ಹೊಸವೆನಿಸುವುದಿಲ್ಲ. ನಮ್ಮ ಕಾಂಡ್ಲಾ ರೈಜೋಫೊರ ಕುಲದ್ದು, ಅಲ್ಲಿನ ಕೆಂಪು ಮ್ಯಾಂಗ್ರೋವ್ ಕೂಡ ಅದೇ ಕುಲದ್ದು. ಕಾಂಡದಿಂದ ಕಮಾನಿನಂತೆ ಬಾಗಿ ನೀರಿಗಿಳಿಯುವ ಊರುಗಾಲಿನ ಬೇರು, ಕೊಂಬೆಯಿಂದಲೇ ಕೆಳಗಿಳಿಯುವ ಬಿಳಲು, ತಾಯಿಮರದಲ್ಲಿರುವಾಗಲೇ ಮೊಳೆತು ನುಗ್ಗೆಕಾಯಿಯಂತೆ ನೇತಾಡುವ ಸಸಿ, ಎಲ್ಲವೂ ಒಂದೇ ಮನೆತನದ ಲಕ್ಷಣ. ಕಡಲುಗಳು ಬೇರೆಯಾದರೂ ಉಪ್ಪುನೀರಿನಲ್ಲಿ ನಿಲ್ಲುವ ಉಪಾಯ ಒಂದೇ.

ಕೊಂಬೆಯ ಕೆಳಗೇ ಏಕೆ?

ಅಷ್ಟು ವಿಶಾಲವಾದ ನೀರಿರುವಾಗ ನಡುನೀರಿಗೆ ಗಾಳ ಎಸೆದು ನೆಮ್ಮದಿಯಿಂದ ಕೂರಬಾರದೇ, ಮರದ ಕೊಂಬೆಗೇ ಏಕೆ ಹೋಗಿ ಸಿಕ್ಕಿಕೊಳ್ಳಬೇಕು ಎಂದು ಯಾರಾದರೂ ಕೇಳಬಹುದು. ಉತ್ತರ ಮೀನಿನ ಬಳಿ ಇದೆ.

ಇಲ್ಲಿ ಗಾಳದವರು ಬಯಸುವ ಮೀನು 'ಸ್ನೂಕ್'. ಹೊಳೆಯುವ ಮೈ, ಮುಂಚಾಚಿದ ಕೆಳದವಡೆ, ಕಿವಿರಿನಿಂದ ಬಾಲದವರೆಗೆ ಮಸಿಯಲ್ಲಿ ಎಳೆದಂಥ ಒಂದು ಕಪ್ಪು ಗೆರೆ. ಮೊದಲು ಗಂಡಾಗಿ ಬೆಳೆದು, ಅನೇಕವು ಆಮೇಲೆ ಹೆಣ್ಣಾಗಿ ಮಾರ್ಪಡುವ ವಿಚಿತ್ರ ಜೀವಿ ಇದು. ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದಕ್ಕಿಂತ ಮರೆಯಲ್ಲಿ ಹೊಂಚುವುದು ಇದರ ಸ್ವಭಾವ. ಬೇರುಗಳ ನಡುವೆ ನೆರಳಿನಲ್ಲಿ ಅಲುಗಾಡದೆ ನಿಂತು, ಇಳಿತದ ನೀರು ಹೊತ್ತು ತರುವ ಸಿಗಡಿ ಮತ್ತು ಮರಿಮೀನಿಗಾಗಿ ಕಾಯುತ್ತದೆ.

ಮೇಲಿನಿಂದಲೂ ಊಟ ಬೀಳುತ್ತದೆ. ಮ್ಯಾಂಗ್ರೋವ್ ಮರ ಹತ್ತುವ ಸಣ್ಣ ಏಡಿಯೊಂದಿದೆ, ಅರಾಟಸ್ ಎಂದು ಅದರ ಹೆಸರು. ಎಲೆ ಕೆರೆದು ತಿನ್ನುತ್ತಾ ಕೊಂಬೆಯ ಮೇಲೆ ಓಡಾಡುತ್ತದೆ. ಹಕ್ಕಿಗೆ ಹೆದರಿ ನೀರಿಗೆ ಹಾರಿದರೆ ಕೆಳಗೆ ಮೀನು ಕಾದಿರುತ್ತದೆ. ಇನ್ನು ಎಲೆಯ ವಿಷಯ. ಮಯಾಮಿ ವಿಶ್ವವಿದ್ಯಾಲಯದ ಸಂಶೋಧಕರಾಗಿದ್ದ ವಿಲಿಯಂ ಓಡಮ್ ಮತ್ತು ಎರಿಕ್ ಹೀಲ್ಡ್ ೧೯೬೦ರ ದಶಕದ ಕೊನೆಯಲ್ಲಿ ಇದೇ ಎವರ್‌ಗ್ಲೇಡ್ಸ್‌ನ ನಾರ್ತ್ ನದಿಯಲ್ಲಿ ನಡೆಸಿದ ಅಧ್ಯಯನ ಪ್ರಸಿದ್ಧವಾಗಿದೆ. ಉದುರಿದ ಎಲೆಯ ಮೇಲೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆ ಚೂರನ್ನು ಹುಳ, ಸಿಗಡಿ, ಏಡಿಗಳು ತಿನ್ನುತ್ತವೆ. ಅವುಗಳನ್ನು ಮರಿಮೀನು, ಮರಿಮೀನನ್ನು ಸ್ನೂಕ್ ಮತ್ತು ಟಾರ್ಪನ್. ಬಾಗಿದ ಕೊಂಬೆ ನೆರಳು ಕೊಡುವ ಛತ್ರಿಯಷ್ಟೇ ಅಲ್ಲ, ಅನ್ನಛತ್ರವೂ ಹೌದು.

ಆದ್ದರಿಂದ ದಡದಿಂದ ಮೂರು ಅಡಿ ಈಚೆಗೆ ಬಿದ್ದ ನೊಣವನ್ನು ಮೀನು ಲೆಕ್ಕಿಸದೆ ಬಿಡುವುದೂ ಉಂಟು. ಕೊಂಬೆಯ ಕೆಳಗೆ, ಬೇರಿಗೆ ಗೇಣು ದೂರದಲ್ಲಿ ಬಿದ್ದರೆ ನೀರು ಸಿಡಿಯುತ್ತದೆ. ಆ ಗೇಣಿನ ಆಚೆಗೆ ಹೋದರೆ ಮರದ ಪಾಲು. ನೊಣ ಕಳೆಯದವನು ಮೀನಿರುವಲ್ಲಿ ಎಸೆಯುತ್ತಿಲ್ಲ ಎಂದು ಗಾಳದವರು ತಮ್ಮತಮ್ಮಲ್ಲೇ ಸಮಾಧಾನ ಹೇಳಿಕೊಳ್ಳುವುದು ಇದಕ್ಕೇ.

ಹಗುರ ನೊಣ, ಭಾರದ ಹುರಿ

ನಮ್ಮ ಹೊಳೆಬದಿಯ ಗಾಳಕ್ಕೂ ಈ ನೊಣದ ಗಾಳಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ನಮ್ಮಲ್ಲಿ ಎರೆಹುಳು ಚುಚ್ಚಿ, ಸೀಸದ ತುಂಡು ಕಟ್ಟಿ ಎಸೆದರೆ ಆ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಗರಿಯ ನೊಣಕ್ಕೆ ಭಾರವೆಲ್ಲಿದೆ? ಅದನ್ನು ಕೈಯಿಂದ ಎಸೆದರೆ ಎದುರಿಗೇ ಬೀಳುತ್ತದೆ. ಆದ್ದರಿಂದ ಇಲ್ಲಿ ಭಾರವನ್ನು ಹುರಿಗೇ ಕೊಟ್ಟಿದ್ದಾರೆ. ಪ್ಲಾಸ್ಟಿಕ್ ಲೇಪಿಸಿದ ದಪ್ಪ ಹುರಿ, ಅದರ ತುದಿಗೆ ಕಾಣದಷ್ಟು ತೆಳುವಾದ ನೈಲಾನ್ ಎಳೆ, ಅದರ ತುದಿಗೆ ನೊಣ. ಸ್ನೂಕ್‌ಗೆ ಸಾಮಾನ್ಯವಾಗಿ ಬಳಸುವ 'ಎಂಟನೇ ತೂಕ'ದ ಹುರಿಯಲ್ಲಿ ಮೊದಲ ೩೦ ಅಡಿಯ ಭಾರ ಸುಮಾರು ೧೩.೬ ಗ್ರಾಂ. ಇಲ್ಲಿ ಹಾರುವುದು ಹುರಿ, ನೊಣ ಅದರ ಹಿಂದೆ ಹೋಗುವ ಪ್ರಯಾಣಿಕ ಅಷ್ಟೆ.

ಹುರಿಯನ್ನು ಮುಂದಕ್ಕೆ ಹಾರಿಸಬೇಕಾದರೆ ಮೊದಲು ಅದನ್ನು ಹಿಂದಕ್ಕೆ ಬೀಸಿ ನೇರವಾಗಿ ಚಾಚಿಸಬೇಕು. ಆಗ ಅದರ ಜಡತ್ವ ಕೋಲನ್ನು ಬಗ್ಗಿಸುತ್ತದೆ, ಬಗ್ಗಿದ ಕೋಲು ನೆಟ್ಟಗಾಗುತ್ತಾ ಹುರಿಯನ್ನು ಮುಂದಕ್ಕೆ ತಳ್ಳುತ್ತದೆ. ಹೀಗಾಗಿ ಮುಂದೆ ೪೦ ಅಡಿ ಎಸೆಯುವವನಿಗೆ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಜಾಗ ಬೇಕು. ಮುಂದಿನ ಮರಕ್ಕಿಂತ ಬೆನ್ನ ಹಿಂದಿನ ಮರವೇ ಹೆಚ್ಚು ನೊಣ ಕಸಿಯುವುದು ಈ ಕಾರಣದಿಂದ. ಕಣ್ಣು ಮೀನಿನ ಮೇಲಿರುತ್ತದೆ, ನೊಣ ಬೆನ್ನ ಹಿಂದೆ ಎಲೆಯೊಳಗೆ ಹೊಕ್ಕಿರುತ್ತದೆ.

ಇನ್ನು ಕಯಾಕಿನ ಸಂಗತಿ. ದಡದಲ್ಲಿ ನಿಂತವನ ಕೈ ನೀರಿನಿಂದ ಐದಾರು ಅಡಿ ಮೇಲಿದ್ದರೆ, ಕಯಾಕಿನಲ್ಲಿ ಕಾಲು ಚಾಚಿ ಕುಳಿತವನ ಕೈ ಎರಡು ಮೂರು ಅಡಿ ಮೇಲಿರುತ್ತದೆ. ಹಿಂದಕ್ಕೆ ಬೀಸಿದ ಹುರಿ ಬಾಗಿ ನೀರಿಗೆ ತಾಗುತ್ತದೆ, ಅಥವಾ ಕೆಳಕೊಂಬೆಗೆ ಸುತ್ತಿಕೊಳ್ಳುತ್ತದೆ. ಗಾಳಿ ದೋಣಿಯನ್ನು ತಿರುಗಿಸುತ್ತಲೇ ಇರುತ್ತದೆ. ಗುರಿ ಹಿಡಿಯುವಾಗ ಇದ್ದ ದಿಕ್ಕು ಎಸೆಯುವಾಗ ಇರುವುದಿಲ್ಲ.

ಹಾಗಿದ್ದರೂ ಕಯಾಕ್ ಏಕೆ ಎಂದರೆ, ಇದಕ್ಕೂ ವಿಜ್ಞಾನದಲ್ಲಿ ಉತ್ತರವಿದೆ. ನೀರಿನೊಳಗಿರುವ ಮೀನಿಗೆ ಹೊರಜಗತ್ತು ಕಾಣುವುದು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ. ಬೆಳಕಿನ ವಕ್ರೀಭವನದಿಂದಾಗಿ ಸುಮಾರು ೯೭ ಡಿಗ್ರಿಯ ಶಂಕುವಿನೊಳಗೆ ಇಡೀ ಆಕಾಶವೂ ದಡವೂ ಅಡಕವಾಗಿರುತ್ತವೆ. ನೀರಿಗೆ ಅಂಟಿಕೊಂಡಂತಿರುವ ವಸ್ತು ಆ ಕಿಟಕಿಯ ಅಂಚಿನಲ್ಲಿ ಚಪ್ಪಟೆಯಾಗಿ, ಮಸುಕಾಗಿ ಕಾಣುತ್ತದೆ. ಎದ್ದು ನಿಂತವನು ಸ್ಪಷ್ಟವಾಗಿ ಕಾಣುತ್ತಾನೆ, ಕುಳಿತವನು ಅಂಚಿನಲ್ಲಿ ಅಡಗುತ್ತಾನೆ. ಮೇಲಾಗಿ ಕಯಾಕಿಗೆ ಎಂಜಿನ್ನಿನ ಸದ್ದಿಲ್ಲ, ಅಂಗೈ ಆಳದ ನೀರಿದ್ದರೂ ಸಾಕು. ಮೀನಿನ ಹತ್ತಿರ ಹೋಗಲು ನೆರವಾಗುವ ತಗ್ಗು ಆಸನವೇ ನೊಣವನ್ನು ಮರಕ್ಕೂ ಒಪ್ಪಿಸುತ್ತದೆ.

ಎಳೆದರೆ ಬರುವುದು ದೋಣಿ

ನೊಣ ಕೊಂಬೆಗೆ ಸಿಕ್ಕಿತೆನ್ನೋಣ. ಹೊಸಬ ಮಾಡುವ ಮೊದಲ ಕೆಲಸ ಜಗ್ಗಿ ಎಳೆಯುವುದು. ನ್ಯೂಟನ್ನನ ಮೂರನೆಯ ನಿಯಮ ಆಗ ತನ್ನ ಪಾಠ ಹೇಳುತ್ತದೆ. ಮರ ನೆಲಕ್ಕೆ ಬೇರೂರಿದೆ, ದೋಣಿ ನೀರಿನ ಮೇಲೆ ತೇಲುತ್ತಿದೆ. ಎಳೆದಷ್ಟೂ ನೊಣ ಬರುವುದಿಲ್ಲ, ದೋಣಿಯೇ ಮರದತ್ತ ಹೋಗುತ್ತದೆ. ಹೋಗಿ ಬೇರಿಗೆ ಡಿಕ್ಕಿ ಹೊಡೆದ ಸದ್ದಿಗೆ ಅಲ್ಲಿದ್ದ ಮೀನೆಲ್ಲ ಪರಾರಿ.

ಕೋಲನ್ನು ಮೇಲೆತ್ತಿ ಜಗ್ಗಿದರೆ ಅದರ ತುದಿ ಮುರಿಯಬಹುದು. ಹಿಗ್ಗಿದ ನೈಲಾನ್ ಎಳೆ ಕವಣೆಯ ರಬ್ಬರಿನಂತೆ ಶಕ್ತಿ ಕೂಡಿಟ್ಟುಕೊಂಡಿರುತ್ತದೆ. ಕೊಂಬೆ ಬಿಟ್ಟೊಡನೆ ಮೊನಚಾದ ಕೊಕ್ಕೆ ನೇರವಾಗಿ ಮುಖದ ಕಡೆಗೇ ಬರುತ್ತದೆ. ಕೆಲವು ನೊಣಗಳಿಗೆ ಬೇಗ ಮುಳುಗಲೆಂದು ಲೋಹದ ಕಣ್ಣು ಕಟ್ಟಿರುವುದರಿಂದ ಪೆಟ್ಟು ಇನ್ನೂ ಜೋರು. ಅನುಭವಿಗಳು ಕನ್ನಡಕವಿಲ್ಲದೆ ಈ ಕೆಲಸಕ್ಕೆ ಇಳಿಯುವುದೇ ಇಲ್ಲ.

ಅವರ ಕ್ರಮ ಬೇರೆ. ಸಿಕ್ಕಿತೆಂದು ಗೊತ್ತಾದ ಕೂಡಲೇ ಕೈ ನಿಲ್ಲಿಸುತ್ತಾರೆ. ಹುರಿಯನ್ನು ಸಡಿಲಬಿಟ್ಟು ಕೋಲಿನ ತುದಿಯನ್ನು ಮೆಲ್ಲಗೆ ಅಲುಗಿಸುತ್ತಾರೆ. ಎಲೆಯ ಮೇಲೆ ಸುಮ್ಮನೆ ಕುಳಿತ ನೊಣವಾಗಿದ್ದರೆ ಜಾರಿ ನೀರಿಗೆ ಬೀಳುತ್ತದೆ. ಎಷ್ಟೋ ಸಲ ಹಾಗೆ ಬಿದ್ದ ನೊಣವೇ, ಮರದಿಂದ ಬಿದ್ದ ಏಡಿಯಂತೆ ಕಂಡು, ಮೀನನ್ನು ಎಬ್ಬಿಸುತ್ತದೆ. ಜಾರದಿದ್ದರೆ ಹುಟ್ಟು ಹಾಕಿ ಹತ್ತಿರ ಹೋಗಿ ಕೈಯಿಂದಲೇ ಬಿಡಿಸುತ್ತಾರೆ. ಕೈ ಹಾಕುವ ಮೊದಲು ಕೊಂಬೆಯನ್ನು ಒಮ್ಮೆ ನೋಡುತ್ತಾರೆ. ಕಣಜದ ಗೂಡು ಇದ್ದೀತು, ಹಾವು ಮಲಗಿದ್ದೀತು. ಫ್ಲೆಮಿಂಗೊ ಸುತ್ತಿನ ಒಣದಡಗಳಲ್ಲಿ ಅಪರೂಪಕ್ಕೆ ಕಾಣುವ ಮ್ಯಾಂಚಿನೀಲ್ ಎಂಬ ಮರದ ಹಾಲು ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಕೊಂಬೆ ಮುರಿಯುವಂತಿಲ್ಲ. ರಾಷ್ಟ್ರೀಯ ಉದ್ಯಾನದಲ್ಲಿ ಅದು ಅಪರಾಧ. ಉದ್ಯಾನದ ಹೊರಗೂ ಮ್ಯಾಂಗ್ರೋವ್ ಸವರುವುದಕ್ಕೆ ಫ್ಲಾರಿಡಾ ರಾಜ್ಯ ೧೯೯೬ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿದೆ.

ಸಿಕ್ಕಿಕೊಳ್ಳದಂತೆ ಎಸೆಯುವ ವಿದ್ಯೆಯೂ ಇದೆ. ಕೋಲನ್ನು ತಲೆಯ ಮೇಲೆ ಬೀಸದೆ ನೀರಿಗೆ ಸಮಾಂತರವಾಗಿ ಪಕ್ಕದಿಂದ ಬೀಸಿದರೆ ಹುರಿಯ ಕುಣಿಕೆ ಮಲಗಿಕೊಂಡು ಕೊಂಬೆಯ ಕೆಳಗೆ ನುಸುಳುತ್ತದೆ. ಬೆನ್ನ ಹಿಂದೆ ಜಾಗವೇ ಇಲ್ಲದಿದ್ದರೆ 'ರೋಲ್' ಎಸೆತ: ಹುರಿಯನ್ನು ನೀರಿನ ಮೇಲೇ ಮೆಲ್ಲಗೆ ಹಿಂದೆಳೆದು, ನೀರಿನ ಹಿಡಿತವನ್ನೇ ಆಧಾರ ಮಾಡಿಕೊಂಡು ಮುಂದಕ್ಕೆ ಉರುಳಿಸುವುದು. ಸುರಂಗದೊಳಗೆ ಅದಕ್ಕೂ ಅವಕಾಶವಿಲ್ಲದಾಗ ಬಿಲ್ಲು-ಬಾಣದ ಎಸೆತ. ಕೊಕ್ಕೆಯ ಬಾಗನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಕೋಲು ಬಿಲ್ಲಿನಂತೆ ಬಾಗುತ್ತದೆ, ಬೆರಳು ಬಿಟ್ಟರೆ ನೊಣ ಬಾಣದಂತೆ ಹೋಗುತ್ತದೆ. ಕೊಕ್ಕೆಯ ಮುಂದೆ ದಪ್ಪ ನೈಲಾನಿನ ಪುಟ್ಟ ಕಮಾನು ಕಟ್ಟಿದ ನೊಣಗಳೂ ಇವೆ. ಅವು ಎಲೆಗೆ ತಾಗಿದರೂ ಜಾರಿಕೊಳ್ಳುತ್ತವೆ, ಮೀನು ಕಚ್ಚಿದಾಗ ಕಮಾನು ಬಾಗಿ ಕೊಕ್ಕೆ ನಾಟುತ್ತದೆ. ಇಷ್ಟೆಲ್ಲ ಇದ್ದರೂ ಕಳೆಯುವುದು ತಪ್ಪುವುದಿಲ್ಲ, ಕಡಿಮೆಯಾಗುತ್ತದೆ.

ಗರಿಯ ಹಿಂದಿನ ಕಥೆ

ಕೊಂಬೆಗೆ ಸಿಕ್ಕಿದ ಈ ಗರಿಯ ತುಂಡಿಗೂ ಫ್ಲೆಮಿಂಗೊ ಊರಿಗೂ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶ್ರೀಮಂತ ಮಹಿಳೆಯರ ಟೋಪಿಗೆ ಬೆಳ್ಳಕ್ಕಿಯ ಗರಿ ಸಿಕ್ಕಿಸುವ ಷೋಕಿ ಹಬ್ಬಿತ್ತು. ಗೂಡು ಕಟ್ಟುವ ಕಾಲದಲ್ಲಿ ಮಾತ್ರ ಬೆನ್ನ ಮೇಲೆ ಮೂಡುವ ನವಿರಾದ ಗರಿಗಾಗಿ ತಾಯಿ ಹಕ್ಕಿಗಳನ್ನು ಗೂಡಿನ ಬಳಿಯೇ ಗುಂಡಿಕ್ಕುತ್ತಿದ್ದರು. ಮರಿಗಳು ಹಸಿದು ಸಾಯುತ್ತಿದ್ದವು. ತೂಕಕ್ಕೆ ತೂಕ ಹಿಡಿದರೆ ಗರಿ ಚಿನ್ನಕ್ಕಿಂತ ತುಟ್ಟಿಯಾಗಿದ್ದ ಕಾಲ ಅದು. ಹಕ್ಕಿಗಳನ್ನು ಕಾಯಲು ೧೯೦೨ರಲ್ಲಿ ಫ್ಲೆಮಿಂಗೊದವನೇ ಆದ ಗೈ ಬ್ರಾಡ್ಲಿಯನ್ನು ವಾರ್ಡನ್ ಆಗಿ ನೇಮಿಸಲಾಯಿತು. ೧೯೦೫ರ ಜುಲೈ ೮ರಂದು ಹಕ್ಕಿಗಳ್ಳರನ್ನು ತಡೆಯಹೋದ ಆತ ಗುಂಡೇಟಿಗೆ ಬಲಿಯಾದ. ಆ ಸಾವು ದೇಶವನ್ನು ಕಲಕಿತು. ೧೯೧೮ರಲ್ಲಿ ಬಂದ ವಲಸೆ ಹಕ್ಕಿಗಳ ಕಾಯ್ದೆಯ ನಂತರ ಬೆಳ್ಳಕ್ಕಿಯ ಗರಿ ಟೋಪಿಗೂ ಸಲ್ಲದು, ನೊಣಕ್ಕೂ ಸಲ್ಲದು. ಇಂದಿನ ನೊಣಗಳಿಗೆ ಸಾಕುಕೋಳಿಯ ಗರಿ, ಜಿಂಕೆಯ ಬಾಲದ ರೋಮ, ನೈಲಾನು ಮುಖ್ಯ ಸಾಮಗ್ರಿ. ಉಪ್ಪುನೀರಿನ ನೊಣಗಳಲ್ಲಿ ಹೆಸರಾದ 'ಡಿಸೀವರ್' ಎಂಬುದನ್ನು ರೂಪಿಸಿದ ಲೆಫ್ಟಿ ಕ್ರೆ (೧೯೨೫-೨೦೧೮) ಬಳಸಿದ್ದೂ ಕೋಳಿಯ ಗರಿ ಮತ್ತು ಜಿಂಕೆ ರೋಮವನ್ನೇ. ಅಮೆರಿಕದ ಅಂಚೆ ಇಲಾಖೆ ೧೯೯೧ರಲ್ಲಿ ಆ ನೊಣದ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತ್ತು.

ಈ ಕಥೆಯಲ್ಲಿ ನಮ್ಮ ಪಶ್ಚಿಮಘಟ್ಟದ ಪಾತ್ರವೂ ಇದೆ. ಮಲೆನಾಡಿನ ಕಾಡಂಚಿನಲ್ಲಿ ಮುಂಜಾನೆ ಕೂಗುವ ಬೂದು ಕಾಡುಕೋಳಿಯ ಹುಂಜಕ್ಕೆ ಕುತ್ತಿಗೆಯ ತುಂಬ ಅರಗು ತೊಟ್ಟಿಕ್ಕಿದಂಥ ಹೊಳೆಯುವ ಚುಕ್ಕೆಯ ಗರಿಗಳಿರುತ್ತವೆ. ಬ್ರಿಟನ್ನಿನ ಸಾಲ್ಮನ್ ನೊಣ ಕಟ್ಟುವವರಿಗೆ ಅವು ಬಹಳ ಪ್ರಿಯ, ನೊಣದ ಕಣ್ಣಿನ ಜಾಗಕ್ಕೆ ಅದನ್ನೇ ಕಟ್ಟುತ್ತಿದ್ದರು. ಅದಕ್ಕಾಗಿ ಈ ಕೋಳಿಗಳು ಬಲೆಗೆ ಬಿದ್ದವು. ಈಗ ಭಾರತದ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ನೀಡಿದೆ, ಹೊರದೇಶದ ನೊಣ ಕಟ್ಟುವವರಿಗೆ ಅಲ್ಲೇ ಸಾಕಿದ ಹಕ್ಕಿಗಳ ಗರಿ ಸಿಗುತ್ತದೆ. ಆದರೂ ಗರಿಯ ಮೋಹ ಪೂರ್ತಿ ಹೋಗಿಲ್ಲ. ೨೦೦೯ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬಲ್ಲಿರುವ ವಸ್ತುಸಂಗ್ರಹಾಲಯದಿಂದ ೨೯೯ ಹಕ್ಕಿಗಳ ತೊಗಲು ಕಳುವಾದದ್ದು ಇದೇ ನೊಣಗಳ ಹೆಸರಿನಲ್ಲಿ.

ನೊಣ ಹೋಗಲಿ, ಎಳೆ?

ನೊಣ ಕಳೆದುಕೊಂಡವನಿಗೆ ಆಗುವ ನಷ್ಟ ಕೆಲವು ಡಾಲರು, ಇಲ್ಲವೇ ಮನೆಯಲ್ಲಿ ಕುಳಿತು ಕಟ್ಟಿದ ಅರ್ಧ ಗಂಟೆಯ ಶ್ರಮ. ಅದು ಅವನಿಗೇ ಸೇರಿದ ನಷ್ಟ. ಆದರೆ ನೊಣದೊಂದಿಗೆ ಕೊಂಬೆಯಲ್ಲಿ ಉಳಿಯುವ ಮೂರು ನಾಲ್ಕು ಅಡಿ ಎಳೆಯ ನಷ್ಟ ಹೊರುವವರು ಬೇರೆ. ನೈಲಾನ್ ಎಳೆ ಕಾಣದಷ್ಟು ತೆಳು, ಮುರಿಯದಷ್ಟು ಗಟ್ಟಿ. ಅದು ಮೀನಿಗೆ ಕಾಣಬಾರದೆಂದು ಮಾಡಿದ್ದು, ಹಕ್ಕಿಗೂ ಕಾಣುವುದಿಲ್ಲ. ಕೊಳೆಯಲು ಅದಕ್ಕೆ ನೂರಾರು ವರ್ಷ ಹಿಡಿಯುತ್ತದೆಂದು ಹೇಳುತ್ತಾರೆ.

ಮ್ಯಾಂಗ್ರೋವ್ ಕೊಂಬೆ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳ ರಾತ್ರಿಯ ವಸತಿ, ಗೂಡಿನ ತಾಣ. ಕಾಲಿಗೋ ರೆಕ್ಕೆಗೋ ಎಳೆ ಸುತ್ತಿಕೊಂಡ ಹೆಜ್ಜಾರ್ಲೆ ಅದನ್ನು ಹೊತ್ತುಕೊಂಡೇ ಗೂಡಿಗೆ ಮರಳುತ್ತದೆ. ಅಲ್ಲಿ ಎಳೆ ಕೊಂಬೆಗೆ ಗಂಟು ಬೀಳುತ್ತದೆ. ಹಕ್ಕಿ ತಲೆಕೆಳಗಾಗಿ ನೇತು ಸಾಯುತ್ತದೆ. ಅದು ಸತ್ತ ಮೇಲೂ ಎಳೆ ಅಲ್ಲೇ ಉಳಿದು ಇನ್ನೊಂದನ್ನು ಹಿಡಿಯುತ್ತದೆ. ಬೆಳ್ಳಕ್ಕಿಗಳಿಗಾಗಿ ಒಬ್ಬ ಮನುಷ್ಯ ಪ್ರಾಣ ಕೊಟ್ಟ ನೀರಿನಲ್ಲೇ, ಕೊಲ್ಲುವ ಇಚ್ಛೆ ಎಳ್ಳಷ್ಟೂ ಇಲ್ಲದವರು ಬಿಟ್ಟುಹೋದ ಎಳೆಯಿಂದ ಹಕ್ಕಿ ಸಾಯುವುದೆಂದರೆ ಯಾರಿಗೂ ನೋವಾಗಬೇಕು.

ಫ್ಲಾರಿಡಾದಲ್ಲಿ ಈ ಬಗ್ಗೆ ಎಚ್ಚರ ಮೂಡಿದೆ. ೨೦೦೧ರಿಂದ ರಾಜ್ಯದಾದ್ಯಂತ ಹಳೆಯ ಎಳೆಯನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಕಾರ್ಯಕ್ರಮ ನಡೆದಿದೆ. ದೋಣಿಕಟ್ಟೆಗಳಲ್ಲಿ ಬಾಗಿದ ಬಾಯಿಯ ಬಿಳಿ ಪಿವಿಸಿ ಕೊಳವೆ ನಿಲ್ಲಿಸಿರುತ್ತಾರೆ. ಎಳೆಯ ತುಂಡನ್ನು ಅದರೊಳಗೆ ಹಾಕಿದರಾಯಿತು. ಸ್ವಯಂಸೇವಕರು ಗೂಡಿನ ಕಾಲ ಮುಗಿದ ಮೇಲೆ ದೋಣಿಯಲ್ಲಿ ಹೋಗಿ ಕೊಂಬೆಗಳಲ್ಲಿ ಸಿಕ್ಕಿದ ಎಳೆಗಳನ್ನು ಕತ್ತರಿಸಿ ತರುತ್ತಾರೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳುವ ಗಾಳದವರೂ ಹೆಚ್ಚಿದ್ದಾರೆ. ಅದರಿಂದ ಮೀನನ್ನು ಬಿಡಿಸಿ ನೀರಿಗೆ ಬಿಡುವುದು ಸುಲಭ, ಕೊಂಬೆಯಿಂದ ಬಿಡಿಸುವುದೂ ಸುಲಭ.

ನೊಣ ಸಿಕ್ಕ ಜಾಗದಲ್ಲೇ ಮೀನು ಏಳುತ್ತಿರುವಾಗ ದೋಣಿ ನಡೆಸಿ ಹೋಗಿ ಬಿಡಿಸಿದರೆ ಅಂದಿನ ಒಳ್ಳೆಯ ಮೀನು ಕೈತಪ್ಪುತ್ತದೆ. ಎಳೆ ಕಡಿದು ಹೊಸ ನೊಣ ಕಟ್ಟಿದರೆ ಮೀನು ಸಿಕ್ಕೀತು, ಎಳೆ ಕೊಂಬೆಯಲ್ಲಿ ಉಳಿದೀತು. ನೋಡುವವರು ಯಾರೂ ಇಲ್ಲದ ಆ ಕಾಲುವೆಯಲ್ಲಿ ಗಾಳದವನು ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದರ ಮೇಲೆ ಹಕ್ಕಿಯೊಂದರ ಹಣೆಬರಹ ನಿಂತಿರುತ್ತದೆ. ಅಭ್ಯಾಸವಾದವರು ಕೋಲು ಕೆಳಗಿಟ್ಟು ಹುಟ್ಟು ಕೈಗೆತ್ತಿಕೊಳ್ಳುತ್ತಾರೆ.

ಮೀನಿಗೂ ಇಲ್ಲಿ ಬೇರೆ ಕಷ್ಟಗಳಿವೆ. ೨೦೧೦ರ ಜನವರಿಯ ಚಳಿಗೆ ಅಸಂಖ್ಯ ಸ್ನೂಕ್‌ಗಳು ಸತ್ತು ತೇಲಿದವು, ಮೆಕ್ಸಿಕೊ ಕೊಲ್ಲಿಯ ಬದಿಯಲ್ಲಿ ಅವನ್ನು ಹಿಡಿದಿಟ್ಟುಕೊಳ್ಳುವುದನ್ನು ಕೆಲವು ವರ್ಷ ನಿಲ್ಲಿಸಬೇಕಾಯಿತು. ಕಾಲುವೆ ತೋಡಿ ನೀರನ್ನು ಬೇರೆಡೆಗೆ ತಿರುಗಿಸಿದ್ದರಿಂದ ಹುಲ್ಲಿನ ನದಿ ಸೊರಗಿದೆ. ಅದನ್ನು ಸರಿಪಡಿಸಲು ೨೦೦೦ದಲ್ಲಿ ದೊಡ್ಡ ಯೋಜನೆಯೊಂದಕ್ಕೆ ಅಮೆರಿಕದ ಸಂಸತ್ತು ಒಪ್ಪಿಗೆ ನೀಡಿತು. ೨೦೧೦ರಲ್ಲಿ ಯುನೆಸ್ಕೊ ಈ ತಾಣವನ್ನು ಅಪಾಯದಲ್ಲಿರುವವುಗಳ ಪಟ್ಟಿಗೆ ಎರಡನೆಯ ಸಲ ಸೇರಿಸಿತು. ಅವು ಸರ್ಕಾರಗಳು ಮಾಡಬೇಕಾದ ಕೆಲಸ. ಎಳೆಯ ತುಂಡನ್ನು ಜೇಬಿಗೆ ಹಾಕಿಕೊಳ್ಳುವುದು ಮಾತ್ರ ದೋಣಿಯಲ್ಲಿ ಕುಳಿತವನ ಕೈಯಲ್ಲೇ ಇದೆ.

ಹೋಗುವವರಿಗೆ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣಹವೆ ತಕ್ಕ ಕಾಲ. ಮಳೆಗಾಲದಲ್ಲಿ ಸೊಳ್ಳೆಗಳ ಕಾಟ ಹೇಳತೀರದು. ಮೀನು ಹಿಡಿಯಲು ಫ್ಲಾರಿಡಾ ರಾಜ್ಯದ ಪರವಾನಗಿ, ಚಿಕೀಯಲ್ಲಿ ತಂಗಲು ಉದ್ಯಾನದ ಅನುಮತಿ ಬೇಕು. ಕುಡಿಯುವ ನೀರನ್ನು ಹೊತ್ತೇ ಹೋಗಬೇಕು. ಜತೆಗೆ ಕನ್ನಡಕ, ಇಕ್ಕಳ, ಕತ್ತರಿ, ಎಳೆಯ ತುಂಡುಗಳನ್ನು ಹಾಕಿಕೊಳ್ಳಲು ಒಂದು ಖಾಲಿ ಡಬ್ಬಿ. ನೊಣಗಳನ್ನು ಮಾತ್ರ ಬೇಕೆನಿಸುವುದಕ್ಕಿಂತ ನಾಲ್ಕು ಹೆಚ್ಚಾಗಿಯೇ ಒಯ್ಯುವುದು ಒಳ್ಳೆಯದು.